ಕುಲುಮೆ ನೀರು ನಾಟದವಳು

ನನಗೆ ಆಗ ಎಂಟು ವರ್ಷ. ಅದಾಗಿ ಅರವತ್ತು ವರ್ಷದ ಮೇಲಾಯಿತು. ಆಗೆಲ್ಲ ನಮ್ಮ ಬೂಕನಕೆರೆ ಕಡೆ ಮುಂಗಾರಿಗೆ ಮುಂಚೆ ಊರಿನ ಗಂಡಸರು ಸೇರುತ್ತಿದ್ದುದು ನಮ್ಮ ಮನೆ ಮುಂದೆಯೇ. ಅಪ್ಪ ಕುಲುಮೆ ಆಚಾರಿ. ಸವೆದ ನೇಗಿಲ ಕುಳಗಳನ್ನು ಕಾಯಿಸಿ, ತಟ್ಟಿ, ಮೊನೆ ಮಾಡಿಕೊಡುತ್ತಿದ್ದ. ಇದ್ದಲಿನ ಹೊಗೆ, ಬೀಡಿ ಹೊಗೆ, ಕಾದ ಕಬ್ಬಿಣವನ್ನು ನೀರಿಗೆ ಅದ್ದಿದಾಗ ಏಳುವ ಹಬೆ, ಎಲ್ಲ ಸೇರಿ ಒಂದು ವಾಸನೆ. ನಮ್ಮ ಮುದ್ದೆಗೂ ಅದೇ ವಾಸನೆ ಅಂಟಿರುತ್ತಿತ್ತು.

ಕಬ್ಬಿಣ ಅದ್ದುವ ಕಲ್ಲುಬಾನಿಯ ನೀರಿಗೆ ಊರಲ್ಲಿ ಹೆಸರಿತ್ತು. ಮಗು ನಿದ್ದೆಯಲ್ಲಿ ಬೆಚ್ಚಿದರೆ, ಸುಮ್ಮನೆ ಅತ್ತರೆ, ಹೆಂಗಸರು ಲೋಟ ಹಿಡಿದು ಬರುತ್ತಿದ್ದರು. ಕೆಂಪಗೆ ಕಾದ ಕುಳವನ್ನು ಅಪ್ಪ ಬಾನಿಯಲ್ಲಿ ಚುಂಯ್ ಎನ್ನಿಸಿ ಆ ನೀರನ್ನು ಕೊಡುತ್ತಿದ್ದ. ಬೆಂಕಿಯನ್ನೇ ತಣ್ಣಗೆ ಮಾಡಿದ ನೀರು ಮಗುವನ್ನು ತಣ್ಣಗಾಗಿಸದೇ ಇರುತ್ತದೆಯೇ ಎಂಬ ನಂಬಿಕೆ. ಮಕ್ಕಳೂ ಸುಮ್ಮನಾಗುತ್ತಿದ್ದವು. ಅವು ತಾವಾಗಿಯೇ ಸುಮ್ಮನಾಗುತ್ತಿದ್ದವು ಎಂದು ಈಗ ನನಗೆ ಗೊತ್ತು.

ಯಾಕೆಂದರೆ ಆ ನೀರನ್ನು ಎಲ್ಲರಿಗಿಂತ ಹೆಚ್ಚು ಕುಡಿದವಳು ನಾನು.

ನನಗೆ ಕೂರಲು ಆಗುತ್ತಿರಲಿಲ್ಲ. ಮುದ್ದೆ ಮುರಿದು ಕೈಯಲ್ಲಿ ಹಿಡಿದು ಓಡುತ್ತಿದ್ದೆ. ತಲೆ ಬಾಚಿಸಿಕೊಳ್ಳುವಾಗ ಅರ್ಧ ಜಡೆಗೇ ಎದ್ದು ಹೋಗುತ್ತಿದ್ದೆ. ಯಾರೋ ಒಳಗಿನಿಂದ ನೂಕಿದ ಹಾಗೆ.

"ಕಾಳೀ, ಕುಂತ್ಕಳೇ ಒಂದ್ ಗಳಿಗೆ! ನಿನ್ ಕುಂಡೀಗೇನು ಮುಳ್ಳು ಚುಚ್ಚಿದ್ದದಾ?" ಎಂದು ಅವ್ವ ಬಡಿಯುತ್ತಿದ್ದಳು. ಆಮೇಲೆ ಮೂಗು ಹಿಡಿದು ಲೋಟ ಬಾಯಿಗೆ ಒತ್ತುತ್ತಿದ್ದಳು. ತುಕ್ಕಿನ ರುಚಿ. ಹಲ್ಲಿಗೆ ಮಸಿ.

ಇಸ್ಕೂಲಿನಲ್ಲಿ ಬೆತ್ತ. ಮೇಷ್ಟ್ರು ಕೆಟ್ಟವರೇನಲ್ಲ, ಎಲ್ಲರಿಗೂ ಹೊಡೆಯುತ್ತಿದ್ದರು. ನನಗೆ ಹೆಚ್ಚು, ಏಕೆಂದರೆ ನಾನು ಹೆಚ್ಚು ಏಳುತ್ತಿದ್ದೆ. ಹೊಡೆಯದೆ ಬಿಟ್ಟಿದ್ದುದು ನಂಜಿಯನ್ನು ಮಾತ್ರ. ಅವಳಿಗೆ ಸಣ್ಣವಳಿದ್ದಾಗ ಜ್ವರ ಬಂದು ಎಡಗಾಲು ಬತ್ತಿಹೋಗಿತ್ತು. ಕಾಲು ಎಳೆದುಕೊಂಡು ತಡವಾಗಿ ಬಂದರೂ ಮೇಷ್ಟ್ರು, "ಬಾಮ್ಮ, ಕೂತ್ಕೊ" ಎಂದು ಪಕ್ಕದಲ್ಲೇ ಜಾಗ ಕೊಡುತ್ತಿದ್ದರು.

ನನಗೆ ಹೊಟ್ಟೆಯುರಿ. ಕುಂಟೆಬಿಲ್ಲೆ ಆಡುವಾಗ ಒಂದು ದಿನ ಹೇಳಿಯೇಬಿಟ್ಟೆ. ನಾನು ಒಂಟಿ ಕಾಲಲ್ಲಿ ಮನೆಯಿಂದ ಮನೆಗೆ ಹಾರುತ್ತಿದ್ದೆ. ನಂಜಿ ಹುಣಸೆ ಬೇರಿನ ಮೇಲೆ ಕೂತು ಯಾರು ಗೆರೆ ತುಳಿದರು ಎಂದು ನೋಡುತ್ತಿದ್ದಳು.

"ನಿಂದೇ ಪುಣ್ಯ ಕಣಮ್ಮಿ. ನಿಂಗೆ ಏಟೇ ಇಲ್ಲ."

"ಅಂಗಾರೆ ಬದ್ಲಾಯಿಸ್ಕಳಮ್ವಾ? ನನ್ ಕಾಲು ನೀ ತಕ, ನಿನ್ ಕಾಲು ನಂಗ್ ಕೊಡು" ಎಂದಳು ನಂಜಿ. "ಏಟ್ ತಿಂದ್ರೂ ಪರ್ವಾಗಿಲ್ಲ, ಒಂದೇ ಒಂದಾಟ ಆಡ್ತೀನಿ."

ನಾನು ಬಿಲ್ಲೆ ಎಸೆದು ಮನೆಗೆ ಹೋದೆ. ಆದರೂ ಹೊಟ್ಟೆಯುರಿ ಹೋಗಲಿಲ್ಲ.

ಆ ವಾರವೇ ಒಂದು ಸಂಜೆ, ಸೈಕಲ್ಲಿನ ಸ್ಟ್ಯಾಂಡು ಮುರಿದಿದೆಯೆಂದು ಮೇಷ್ಟ್ರು ಕುಲುಮೆಗೆ ಬಂದರು. ಮಳೆ ಮೋಡ ಕಟ್ಟಿತ್ತು, ಕುಳ ತಂದವರು ಸಾಲಾಗಿ ಕೂತಿದ್ದರು. ನಾನು ಬೆಂಕಿಗೆ ಗಾಳಿ ಊದುವ ತಿದಿ ಒತ್ತುತ್ತಿದ್ದೆ. ನಾನು ನಿಂತಲ್ಲೇ ನಿಲ್ಲುತ್ತಿದ್ದುದು ತಿದಿಯ ಹತ್ತಿರ ಮಾತ್ರ, ಅಲ್ಲಿ ಕೈಗೆ ಕೆಲಸವಿತ್ತು, ಕಣ್ಣಿಗೆ ಬೆಂಕಿಯಿತ್ತು.

"ಆಚಾರ್ರೇ, ನಿಮ್ಮ ಮಗಳ ವಿಷಯ ಒಂದು ಇತ್ಯರ್ಥ ಮಾಡಿ" ಎಂದರು ಮೇಷ್ಟ್ರು. "ನಂಜಮ್ಮನಿಗೆ ಐಬಿದೆ, ನಾನು ಹೊಡೆಯಲ್ಲ. ನಿಮ್ಮ ಮಗಳಿಗೂ ಏನಾದರೂ ಐಬಿದ್ದರೆ ಹೇಳಿಬಿಡಿ. ಮೂಲೆಯಲ್ಲಿ ಅವಳ ಪಾಡಿಗೆ ಇರಲಿ, ಬೆತ್ತ ಮುಟ್ಟಿಸಲ್ಲ. ಐಬಿಲ್ಲ ಅಂದರೆ ಬೇಕೂಂತ ಮಾಡ್ತಾಳೆ ಅಂತ ಅರ್ಥ. ಆಗ ನಾನು ದಾರಿಗೆ ತರಬೇಕಾಗುತ್ತೆ."

ಸಾಲಿನಲ್ಲಿದ್ದ ಒಬ್ಬ ಗೌಡರು ನಕ್ಕರು. "ಆಚಾರಪ್ಪನ ನೀರು ಊರ್ ಮಕ್ಳಿಗೆಲ್ಲ ನಾಟ್ತದೆ, ಮನೆ ಮಗೀಗೇ ನಾಟ್ಲಿಲ್ವಲ್ಲಪ್ಪೋ!"

ಅಪ್ಪ ಇಕ್ಕಳ ಕೆಳಗಿಟ್ಟ. ನನ್ನ ಬೆನ್ನ ಮೇಲಿನ ಬಾಸುಂಡೆಗೆ ಎಣ್ಣೆ ಹಚ್ಚುತ್ತಿದ್ದವನು ಅವನೇ. "ಏನೋ ಅದೆ ಸ್ವಾಮಿ. ಕಾಣಾಕಿಲ್ಲ, ಆದ್ರೆ ಅದೆ..." ಎಂದು ಶುರುಮಾಡಿದ.

ಮಾತು ಮುಗಿಯಲಿಲ್ಲ. ಅವ್ವ ಬಾಗಿಲಿಗೆ ಬಂದಿದ್ದಳು, ಕೈಯೆಲ್ಲ ರಾಗಿ ಹಿಟ್ಟು. "ನನ್ ಮಗೀಗೆ ಐಬೂ ಇಲ್ಲ ಗಿಯ್ಬೂ ಇಲ್ಲ. ಬೆಚ್ಚಿದ್ದದೆ, ಅಷ್ಟೆಯಾ. ನಾಳೀಕ್ ಓಯ್ತದೆ."

"ಸುಮ್ಕಿರಮ್ಮಿ. ಏಟಾರಾ ತಪ್ತದೆ" ಎಂದ ಅಪ್ಪ.

"ಏಟು ಮಾಯ್ತದೆ ಕನಾ! ಈಟು ಜನ್ರ ಮುಂದೆ ಐಬಿನ್ ಎಣ್ಣು ಅಂತ ಅಪ್ಪನ್ ಬಾಯಲ್ಲೇ ಬಂದ್ಬುಟ್ರೆ, ನಾಳೆ ಯಾವನ್ ಕಟ್ಕಂಡಾನು?"

ಕುಳ ತಂದವರೆಲ್ಲ ನೆಲ ನೋಡಿದರು. ಅಪ್ಪ ಅವ್ವನ ಮುಖ ನೋಡಿದ, ಮೇಷ್ಟ್ರ ಮುಖ ನೋಡಿದ. ಎರಡು ಮಾತಿನಲ್ಲಿ ಒಂದನ್ನು ಹೇಳಬೇಕಿತ್ತು. ಯಾವುದನ್ನು ಹೇಳಿದರೂ ನನಗೇ ಪೆಟ್ಟು.

"ಕಳ್ಸಾಕಿಲ್ಲ ಬುಡಿ ಸ್ವಾಮಿ" ಎಂದ. "ತಿದಿ ಒತ್ಕಂಡ್ ಇರ್ಲಿ."

ಅಲ್ಲಿಗೆ ನನ್ನ ಓದು ಮುಗಿಯಿತು. ನಾನು ಅಲ್ಲೇ ಇದ್ದೆ, ಮೂರು ಮೊಳ ದೂರದಲ್ಲಿ. ನಿನಗೆ ಏನಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ನಿಂತುಕೊಂಡು ಬರೆಯುತ್ತೇನೆ, ಬಿಡಿ.

ಅವ್ವ ಅಂದುಕೊಂಡ ಹಾಗೆ ಮದುವೆಯೇನೋ ಆಯಿತು. ಗಂಡ, ಕಾಲಲ್ಲಿ ಚಕ್ರ ಇರುವವಳು ಎಂದು ಬೈದುಕೊಂಡೇ ಬಾಳಿ ಹೋದ. ನಂಜಿ ಓದಿ ಅಂಗನವಾಡಿ ಟೀಚರಾದಳು. ನಾನು ಬರೆಯುವ ಈ ನಾಕು ಅಕ್ಷರವನ್ನೂ ತಲೆ ನೆರೆಯುವ ಹೊತ್ತಿಗೆ ಅವಳಿಂದಲೇ ಕಲಿತೆ, ಅವಳ ಜಗಲಿಯಲ್ಲಿ ಓಡಾಡಿಕೊಂಡು. ಈಗ ಅವಳಿಲ್ಲ. ಕುಲುಮೆಯೂ ಇಲ್ಲ, ಟ್ರಾಕ್ಟರು ಬಂದ ಮೇಲೆ ಕುಳ ತಟ್ಟಿಸುವವರು ಯಾರು? ಬಾನಿ ಹಿತ್ತಲಲ್ಲಿದೆ, ಎಮ್ಮೆ ನೀರು ಕುಡಿಯುತ್ತದೆ. ಕುಲುಮೆ ಹೋದದ್ದಕ್ಕೆ ನನಗೆ ದುಃಖವಿಲ್ಲ. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಾನು ಬೋರ್ಡು ಕೂಡಿಸಿ ಓದುವಷ್ಟರಲ್ಲಿ ಬಸ್ಸು ಹೊರಟುಹೋಗುತ್ತದಲ್ಲ, ನನಗೆ ನಿಜವಾಗಿ ಹೋದದ್ದು ಅದು.

ಮೊನ್ನೆ ನಾಗಮಂಗಲದಿಂದ ಮಗಳು ಫೋನು ಮಾಡಿದಳು. ಮೊಮ್ಮಗಳೂ ನನ್ನ ಥರವೇ, ಕೂತಲ್ಲಿ ಕೂರುವುದಿಲ್ಲ. ಡಾಕ್ಟರು ಒಂದು ಉದ್ದ ಹೆಸರು ಹೇಳಿದ್ದಾರೆ. ಅದನ್ನು ಅಂಗವಿಕಲತೆಗೆ ಸೇರಿಸಬೇಕೋ ಬೇಡವೋ ಎಂದು ಗಂಡ ಹೆಂಡಿರಿಗೆ ಜಗಳ.

"ಸೇರುಸುದ್ರೆ ಇಸ್ಕೂಲ್ನಲ್ಲಿ ಅನುಕೂಲ ಮಾಡ್ಕೊಡ್ತಾರಂತೆ ಕಣವ್ವ. ಆದ್ರೆ ಆ ಎಸ್ರು ಅಂಟ್ಕಬುಟ್ರೆ ನಾಳೆ ಮದ್ವೆಗೆ..."

"ಸೇರುಸು" ಎಂದೆ. "ಮದ್ವೆ ಇಪ್ಪತ್ ವರ್ಸದ್ ಮಾತು. ಇಸ್ಕೂಲು ನಾಳೆ ಬೆಳಿಗ್ಗೆ."

"ಕೈಕಾಲು ನೆಟ್ಟಗವೆ, ಅದೆಂಗವ್ವ ವಿಕಲ ಅನ್ನದು?"

ಫೋನು ಇಟ್ಟುಬಿಟ್ಟೆ. ಅವಳಿಗೆ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ. ಅಪ್ಪ ಕಳಿಸುವುದಿಲ್ಲ ಎಂದ ಮಾರನೆಯ ಬೆಳಿಗ್ಗೆ ಇಸ್ಕೂಲಿನ ಗಂಟೆ ಹೊಡೆಯಿತು. ನಾನು ಸ್ಲೇಟು ತೆಗೆದುಕೊಂಡೆ. ಹುಣಸೆ ಮರದವರೆಗೆ ಓಡಿದೆ. ಅಲ್ಲಿಂದ ಎಡಗಾಲು ಸೊಟ್ಟ ಮಾಡಿ, ಮಣ್ಣಲ್ಲಿ ಎಳೆಯುತ್ತಾ, ನಂಜಿಯ ಹಿಂದೆಯೇ ಕುಂಟಿಕೊಂಡು ಹೋಗಿ, ಮೇಷ್ಟ್ರಿಗೆ ಕಾಣುವ ಹಾಗೆ ಬಾಗಿಲಲ್ಲಿ ನಿಂತೆ.