ಸೇತುವೆಯ ಅರ್ಧ ಲೆಕ್ಕ

ಮಧ್ಯಾಹ್ನ ಮೂರು ಗಂಟೆ ಹತ್ತು ನಿಮಿಷ. ಸೀಕಾಕಸ್‌ನ ಗೋದಾಮಿನಲ್ಲಿ ಶಿಫ್ಟ್ ಬಿಟ್ಟಿತ್ತು. ಜನರೆಲ್ಲ ಪಾರ್ಕಿಂಗ್ ಕಡೆಗೆ ಹೋಗುವ ಕಮಾನಿನ ಕಾಲುಸೇತುವೆ ಹತ್ತಿದರು. ನಾನು ಒಂದು ತುದಿಯಲ್ಲಿ ಲ್ಯಾಪ್‌ಟಾಪ್ ಹಿಡಿದು ನಿಂತಿದ್ದೆ. ಸೇತುವೆಯ ಕಂಪನ ಅಳೆಯಲು ನಮ್ಮ ಎಂಜಿನಿಯರಿಂಗ್ ಕಂಪನಿಯವರು ಮೂರು ಸೆನ್ಸರ್ ಕೊಟ್ಟಿದ್ದರು. ಎಲ್ಲಿ ಅಂಟಿಸಬೇಕೆಂದು ನಿರ್ಧರಿಸಿದವಳು ನಾನೇ: ತುದಿಗಳಲ್ಲಿ ಎರಡು, ನಟ್ಟನಡುವೆ ಒಂದು.

ಅಲ್ಲಿ ಪ್ಯಾಕಿಂಗ್ ಮಾಡುವ ಹಾಸನದ ಕಡೆಯ ಆಂಟಿಯೊಬ್ಬರು ಹಿಂದಿನ ವಾರವೇ ಹೇಳಿದ್ದರು. "ನಡುವೆ ಏನೂ ಆಗಲ್ಲ ಕಣಮ್ಮ. ಆ ಎರಡನೇ ಲೈಟ್ ಕಂಬದ ಹತ್ರ ಬಾ, ನನ್ನ ಮಜ್ಜಿಗೆ ತುಳುಕೋದೇ ಅಲ್ಲಿ." ಕಂಪ್ಯೂಟರ್ ಲೆಕ್ಕ ಹಾಕಿದೆ ಆಂಟಿ ಎಂದು ನಕ್ಕುಬಿಟ್ಟಿದ್ದೆ.

ಈಗ ಜನ ತುಂಬಿದಂತೆ ಸೇತುವೆ ಕುಣಿಯತೊಡಗಿತು. ಒಂದು ಅರ್ಧ ಏಳುವಾಗ ಇನ್ನೊಂದು ಅರ್ಧ ಕುಸಿಯುತ್ತಿತ್ತು. ನನ್ನ ಪರದೆಯ ಮೇಲೆ ಮಾತ್ರ ಗೆರೆ ನೆಟ್ಟಗೇ ಇತ್ತು. ಓಡಬೇಡಿ, ನಿಂತಲ್ಲೇ ನಿಲ್ಲಿ ಎಂದು ಕೂಗಿದೆ. ಜನ ನಿಂತ ಮೇಲೆ ಅದೂ ನಿಧಾನವಾಗಿ ನಿಂತಿತು. ಅಷ್ಟರಲ್ಲಿ ಆಂಟಿ ಕಂಬದ ಬುಡದಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು.

ಸಂಜೆ ನನ್ನ ಲೆಕ್ಕದ ಫೈಲ್ ತೆರೆದೆ. ಎರಡೂ ಕಡೆ ಒಂದೇ ತರಹ ಇದೆಯಲ್ಲ ಎಂದು, ಸಮಯ ಉಳಿಸಲು, ಅರ್ಧ ಸೇತುವೆಯನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡಿದ್ದೆ. ಎರಡು ಅರ್ಧಗಳು ಒಂದಕ್ಕೊಂದು ವಿರುದ್ಧವಾಗಿ ಅಲುಗುವುದು ಅಂಥ ಲೆಕ್ಕದಲ್ಲಿ ಬರುವುದೇ ಇಲ್ಲ. ಹಾಗೆ ಅಲುಗುವಾಗ, ನಾನು ಸೆನ್ಸರ್ ಅಂಟಿಸಿದ್ದ ನಡುಭಾಗ ಕದಲುವುದೂ ಇಲ್ಲ.

ನಮ್ಮ ಕಂಪನಿಯ ಮ್ಯಾನೇಜರ್‌ಗೆ ಮರುದಿನವೇ ಹೇಳಿದೆ. ಅವರು ಬೈಯಲಿಲ್ಲ. ಸೇತುವೆ ಮುಚ್ಚಿಸಿ, ಪೂರ್ತಿ ಲೆಕ್ಕ ಮಾಡು ಎಂದರು. ಆಂಟಿಗೆ ಹೇಳುವುದೇ ಕಷ್ಟವಾಗಿತ್ತು. ಕೆಂಡಲ್ ಪಾರ್ಕ್‌ನ ಮಗಳ ಮನೆಯಲ್ಲಿ ಅವರು ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದರು. ತಪ್ಪು ನನ್ನದು, ಅರ್ಧ ಸೇತುವೆಗಷ್ಟೇ ಲೆಕ್ಕ ಹಾಕಿದ್ದೆ, ಈಗ ಪೂರ್ತಿ ಹಾಕಿದೆ ಎಂದೆ. ಆಂಟಿ ದಿಂಬು ಸರಿಮಾಡಿಕೊಂಡು ಕೇಳಿದರು.

"ಪೂರ್ತಿ ಲೆಕ್ಕದಲ್ಲಿ ಎಲ್ಲಿ ಬಂತು?"

"ಎರಡನೇ ಕಂಬದ ಹತ್ರ, ಆಂಟಿ."

"ಊಟ ಮಾಡ್ಕೊಂಡು ಹೋಗು. ಎಷ್ಟು ಸೊರಗಿದೀಯ."

ಸೆನ್ಸರ್‌ಗಳನ್ನು ಅಲ್ಲಿಗೆ ಸರಿಸಿದೆವು. ಅಲುಗಾಟ ನುಂಗುವ ಭಾರಗಳನ್ನು ಸೇತುವೆಯಡಿ ಕಟ್ಟಿದರು. ಆದರೂ ವಾರಗಟ್ಟಲೆ, ನಡುರಾತ್ರಿ ಮಂಚ ಕುಸಿದಂತಾಗಿ ಎದ್ದು ಕೂರುತ್ತಿದ್ದೆ.

ಸೇತುವೆ ಮತ್ತೆ ತೆರೆದ ದಿನ ಆಂಟಿ ಶಿಫ್ಟ್ ಮುಗಿಸಿ ಎಲ್ಲರ ಜೊತೆ ಬಂದರು. ಎರಡನೇ ಕಂಬದ ಹತ್ತಿರ ನಿಂತು, ನನಗೆ ಕಾಣುವಂತೆ ಲೋಟಕ್ಕೆ ಮಜ್ಜಿಗೆ ಬಗ್ಗಿಸಿಕೊಂಡರು. ಪರದೆಯ ಗೆರೆ ಸಣ್ಣಗೆ ಎದ್ದು ಅಡಗಿತು. ನಾನು ಲೋಟವನ್ನೇ ನೋಡುತ್ತಿದ್ದೆ. ಒಂದು ಹನಿಯೂ ಚೆಲ್ಲಲಿಲ್ಲ.

ಅವತ್ತು ರಾತ್ರಿ ಮಲಗಿದವಳಿಗೆ ಎಚ್ಚರವಾದಾಗ ಬಿಸಿಲು ಬಂದಿತ್ತು.