ಪತ್ತಾರಕ್ಕ ಕಣ್ಣು ತೆರೆಸಿದ ಮುಖ

ಪತ್ತಾರಕ್ಕನ ಎಡಗೆನ್ನೆ ಬಲಗೆನ್ನೆಗಿಂತ ದೊಡ್ಡದಾಗಿತ್ತು. ಸಣ್ಣವಳಿದ್ದಾಗಿನಿಂದ ಬಾಯಿಯ ಎಡಮೂಲೆಯಲ್ಲೇ ಊದುಗೊಳವೆ ಕಚ್ಚಿ ಬೆಂಕಿ ಊದಿ ಊದಿ ಆ ಕೆನ್ನೆ ಹಿಗ್ಗಿಹೋಗಿ, ಊದದೆ ಇರುವಾಗ ಬರಿದಾದ ಚೀಲದ ಹಾಗೆ ಜೋತುಬೀಳುತ್ತಿತ್ತು. ಮಾತಾಡುವಾಗ ಅದು ಸ್ವಲ್ಪ ತಡವಾಗಿ ಅಲುಗುತ್ತಿತ್ತು. ಆಕೆಯ ಮಾತು ಮುಗಿದ ಮೇಲೂ ಕೆನ್ನೆ ಇನ್ನೂ ಏನೋ ಹೇಳುತ್ತಿರುವಂತೆ ಕಾಣುತ್ತಿತ್ತು.

ಮಕ್ಕಳೇ, ನೀವು ರಜೆಗೆ ಬಂದಾಗಲೆಲ್ಲ ದೇವರ ಜಗಲಿಯ ಮೇಲಿರುವ ಸಣ್ಣ ಬಂಗಾರದ ಮುಖವನ್ನು ತೋರಿಸಿ, "ಅಜ್ಜಿ, ಇದಕ್ಕ ಒಂದು ಕಣ್ಣು ದೊಡ್ಡದು, ಒಂದು ಸಣ್ಣದು ಯಾಕೈತಿ?" ಎಂದು ಕೇಳುತ್ತೀರಿ. ಬಾಯಲ್ಲಿ ಹೇಳಹೋದರೆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಆ ಮುಖ ಮಾಡಿದವಳು ಪತ್ತಾರಕ್ಕ.

ಆಕೆ ನಮ್ಮ ಕೊಟ್ಟೂರಿನವಳೇ, ಬಂಗಾರ ಬೆಳ್ಳಿ ಕೆಲಸ ಮಾಡುವ ಪತ್ತಾರರ ಮಗಳು. ಅಪ್ಪನಿಗೆ ಉಬ್ಬಸವಿತ್ತು. ಆತನ ಬದಲು ಬೆಂಕಿ ಊದಲು ಕೂತ ಹುಡುಗಿ ನೋಡುತ್ತ ನೋಡುತ್ತ ಕೆಲಸವನ್ನೇ ಕಲಿತುಬಿಟ್ಟಳು. ಹರಪನಹಳ್ಳಿಗೆ ಮದುವೆ ಮಾಡಿಕೊಟ್ಟರು. ವರ್ಷ ತುಂಬುವುದರೊಳಗೆ ಗಂಡ ತೀರಿಹೋಗಿ ತವರಿಗೆ ತಿರುಗಿ ಬಂದಳು. ಅಷ್ಟರಲ್ಲಿ ಅಪ್ಪನೂ ಇರಲಿಲ್ಲ. ಅಪ್ಪನ ಜಾಗದಲ್ಲಿ ತಾನೂ ಕೂಡುತ್ತೇನೆ ಎಂದಾಗ ಅಣ್ಣ, "ಗಂಡನ್ನ ಕಳಕೊಂಡಾಕಿ ಕೈಯಾಗಿನ ಬಂಗಾರ ಯಾರು ಮೈಮ್ಯಾಲ ಹಾಕ್ಕೋತಾರ?" ಎಂದನಂತೆ.

"ಗಂಡನ್ನ ಕಳಕೊಂಡೀನಿ, ಕೈ ಕಳಕೊಂಡಿಲ್ಲ" ಎಂದು ಹೇಳಿ, ಅಪ್ಪನ ಊದುಗೊಳವೆ, ಒಂದು ಅಗ್ಗಿಷ್ಟಿಕೆ ಎತ್ತಿಕೊಂಡು ಬಂದು ಸ್ಟೇಷನ್ ಹಿಂದಿನ ಓಣಿಯಲ್ಲಿ ಒಂದು ಮನೆಯ ಪಡಸಾಲೆಯನ್ನು ಬಾಡಿಗೆಗೆ ಹಿಡಿದಳು. ಬಜಾರಿನ ಅಂಗಡಿಯವರು ಕೂಲಿ ಕೆಲಸಕ್ಕೆ ಕರೆದರು. ಅವರ ಹತ್ತಿರ ಎಲ್ಲಕ್ಕೂ ಅಚ್ಚುಗಳಿದ್ದವು. "ನಿಮ್ಮ ಅಚ್ಚು ನಿಮ್ಮ ಹತ್ರನ ಇರ್ಲಿ ಸಾವ್ಕಾರ್ರ" ಎಂದು ಕಳಿಸಿಬಿಟ್ಟಳು.

ಆಕೆಯ ರೀತಿಯೇ ಬೇರೆ. ಒಡವೆ ಮಾಡಿಸಲು ಬಂದವಳಿಗೆ ಮೊದಲು ಒಂದು ಚೆಂಬು ನೀರು ಕೊಡುತ್ತಿದ್ದಳು. ಮರ್ಯಾದೆಗೆ ಕೊಟ್ಟಳೆಂದು ಅವರು ಕುಡಿಯುತ್ತಿದ್ದರು. ಆಕೆ ನೋಡುತ್ತಿದ್ದದ್ದು ಕುಡಿಯುವಾಗ ಕೊರಳು ಹೇಗೆ ಏರಿಳಿಯುತ್ತದೆ, ತಲೆ ಎತ್ತಿದಾಗ ಕಿವಿ ಎಲ್ಲಿಗೆ ಬರುತ್ತದೆ ಎಂಬುದನ್ನು. ಆಮೇಲೆ ಮಕ್ಕಳ ಹಲಗೆ ತೆಗೆದು ಬಳಪದಲ್ಲಿ ಚಿತ್ರ ಬರೆಯುತ್ತಿದ್ದಳು. ಒಡವೆ ಕೈಗೆ ಬಂದ ದಿನ ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಗೋಡೆಗೆ ಮುಖ ಮಾಡಿ ಇಡುತ್ತಿದ್ದಳು. ಒಬ್ಬರಿಗೆ ಮಾಡಿದ್ದನ್ನು ಇನ್ನೊಬ್ಬರಿಗೆ ಮಾಡಿದ್ದಿಲ್ಲ. ಹಡಗಲಿಯವರು ಬಂದು ಮದುವೆಗೆ ಮಲ್ಲಿಗೆ ಮೊಗ್ಗಿನ ಸರ ಕೇಳಿದಾಗ, "ನಿಮ್ಮೂರಾಗ ಮಲ್ಲಿಗಿ ಬೇಲಿಗೆಲ್ಲ ಹಬ್ಬೈತಿ, ಬಂಗಾರದಾಗ ಮತ್ತ ಯಾಕ?" ಎಂದು ನಕ್ಕು ಕುಸುಬಿ ಮೊಗ್ಗಿನ ಸರ ಮಾಡಿ ಕೊಟ್ಟಳು. ಮುಳ್ಳೆಲ್ಲ ಕಾಣುತ್ತಿದ್ದವು, ಒಂದೂ ಕೊರಳಿಗೆ ಚುಚ್ಚುತ್ತಿರಲಿಲ್ಲ.

ಆದರೆ ಮದುವೆಯ ತಾಳಿಯನ್ನು ಮಾತ್ರ ಯಾರೂ ಆಕೆಯಿಂದ ಮಾಡಿಸಲಿಲ್ಲ. ಕಾಲುಂಗುರವನ್ನೂ ಮಾಡಿಸಲಿಲ್ಲ. ಯಾರೂ ಬಾಯಿಬಿಟ್ಟು ಹೇಳಿದ್ದಲ್ಲ, ಊರಿಗೆ ಊರೇ ಹಾಗೆ ನಡೆದುಕೊಂಡಿತು. ಅದರ ಬದಲು ಸತ್ತವರ ಕೆಲಸವೆಲ್ಲ ಆಕೆಗೇ ಬರುತ್ತಿತ್ತು. ಜಗಲಿಯ ಮೇಲಿಟ್ಟು ಪೂಜಿಸುವ ಹಿರಿಯರ ಬೆಳ್ಳಿಯ ಮುಖಗಳು, ಸವತಿ ತಾಳಿಗಳು. ನಾನು ಆಕೆಯ ಪಡಸಾಲೆಯ ಮೆಟ್ಟಿಲು ಹತ್ತಿದ್ದೂ ಹಾಗೆಯೇ.

ನಾನು ನಿಮ್ಮ ಅಜ್ಜನಿಗೆ ಎರಡನೆಯವಳಾಗಿ ಬಂದವಳು. ಇದು ನಿಮಗೆ ಗೊತ್ತಿರುವ ಮಾತೇ. ನಿಮ್ಮ ಅವ್ವನನ್ನು ಹೆತ್ತ ಹಿರಿಯಾಕೆ ಎರಡನೆಯ ಹೆರಿಗೆಯಲ್ಲಿ ಕೂಸಿನ ಸಂಗಡ ಹೋಗಿಬಿಟ್ಟಿದ್ದಳು. ತೊಂಬತ್ತರ ದಶಕದ ಮೊದಲ ವರ್ಷಗಳವು, ನಿಮ್ಮ ಅವ್ವನಿಗೆ ಆಗ ನಾಲ್ಕು ವರ್ಷ. ಸತ್ತ ಹೆಂಡತಿಯ ಮುಖವನ್ನು ಬಂಗಾರದ ಬಿಲ್ಲೆಯಲ್ಲಿ ಮೂಡಿಸಿ ಎರಡನೆಯ ಹೆಂಡತಿ ತನ್ನ ತಾಳಿಯ ಜೊತೆ ಕಟ್ಟಿಕೊಳ್ಳುವುದು ನಮ್ಮ ಪದ್ಧತಿ. ಅದೇ ಸವತಿ ತಾಳಿ. ಕುಂಕುಮ ಮೊದಲು ಅದಕ್ಕೆ, ಆಮೇಲೆ ನನ್ನ ಹಣೆಗೆ. ಹೊಸ ಸೀರೆ ಮೊದಲು ಅದಕ್ಕೆ ಮುಟ್ಟಿಸಿ ಆಮೇಲೆ ಉಡಬೇಕು. ಹೋದವಳು ಸಮಾಧಾನದಿಂದ ಅದರಲ್ಲಿ ಬಂದು ಕೂತರೆ ಬಂದವಳು ಬಾಳುತ್ತಾಳೆ, ಇಲ್ಲದಿದ್ದರೆ ಇಲ್ಲ ಎಂದು ನಂಬಿಕೆ.

ಮದುವೆ ಅವಸರದಲ್ಲಾದದ್ದರಿಂದ ಬಜಾರಿನಿಂದ ಅಚ್ಚಿನ ಬಿಲ್ಲೆ ತಂದಿದ್ದರು. ದುಂಡು ಮುಖ, ಅಗಲವಾಗಿ ಬಿಟ್ಟ ಕಣ್ಣು. ಬಾಗಿ ಕಸ ಗುಡಿಸುವಾಗ ಅದು ತೂಗಿ ತಿರುಗಿ ನನ್ನನ್ನೇ ನೋಡುತ್ತಿತ್ತು. ರೊಟ್ಟಿ ಬಡಿಯುವಾಗ ಒಲೆಯ ಕಾವಿಗೆ ಬಿಸಿಯಾಗಿ, ಯಾರೋ ಎದೆಯ ಮೇಲೆ ಉಸಿರು ಬಿಟ್ಟಂತಾಗುತ್ತಿತ್ತು. ನಿಮ್ಮ ಅವ್ವ ನನ್ನ ಮುಖ ನೋಡುತ್ತಿರಲಿಲ್ಲ, ಬಿಲ್ಲೆಯನ್ನು ನೋಡುತ್ತ ನಿಲ್ಲುತ್ತಿದ್ದಳು. 'ನಿಮ್ಮವ್ವ ಅಲ್ಲಿ ಅದಾಳ ನೋಡು' ಎಂದು ಓಣಿಯವರೆಲ್ಲ ಆಕೆಗೆ ಹೇಳಿಕೊಟ್ಟಿದ್ದರು. ಒಂದು ಮಧ್ಯಾಹ್ನ ಬಿಲ್ಲೆಯನ್ನು ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ, "ಇಕಿ ನಮ್ಮವ್ವ ಅಲ್ಲ" ಎಂದಳು. ಆಮೇಲೆ ನನ್ನ ಕಡೆ ಬೆರಳು ಮಾಡಿ, "ಇಕೀನೂ ಅಲ್ಲ" ಎಂದಳು.

ಅಂದಿನಿಂದ ನನಗೆ ಅನ್ನ ಇಳಿಯದಾಯಿತು. ಸೊರಗಿ ಕಡ್ಡಿಯಾದೆ. ಅತ್ತೆ ನಿಮ್ಮ ಅಜ್ಜನಿಗೆ ಹೇಳುವುದು ನನ್ನ ಕಿವಿಗೆ ಬಿತ್ತು: "ಹಿರಿಯಾಕಿ ಒಪ್ಪಿಲ್ಲಪ್ಪ. ಹಿಂಗ ಬಿಟ್ರ ಇಕೀನೂ ಉಳಿಯಂಗಿಲ್ಲ. ಕೈಯಿಂದ ಒಂದು ಮುಖ ಮಾಡಿಸಿ ನೋಡೂಣು. ಆಗ್ಲೂ ಹಿಂಗ ಇದ್ರ ತೌರಿಗೆ ಕಳಿಸಿಬಿಡೂದು ಚೊಲೊ." ತವರಿಗೆ ಹೋದರೆ ಹಂಪಸಾಗರದ ಕಡೆಯ ನಮ್ಮ ಹಳ್ಳಿಯಲ್ಲಿ ನನಗೆ ಯಾವ ಮುಖವಿತ್ತು? ಇನ್ನೊಬ್ಬಳ ಮುಖ ಸರಿಯಾಗಿ ಮೂಡಿದರಷ್ಟೇ ನನಗೆ ಆ ಮನೆಯಲ್ಲಿ ಜಾಗ ಎಂದಾಯಿತು.

ಅತ್ತೆ, ನಾನು, ನಿಮ್ಮ ಅವ್ವ ಮೂವರೂ ಹೋದೆವು. ಪತ್ತಾರಕ್ಕ ಅಚ್ಚಿನ ಬಿಲ್ಲೆಯನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. "ಇಕಿ ಕೂಡ್ಲಿಗ್ಯಾಗ ಒಬ್ಬರ ಕೊಳ್ಳಾಗ ಅದಾಳ, ಹಗರಿಬೊಮ್ಮನಹಳ್ಳ್ಯಾಗ ಇನ್ನೊಬ್ಬರ ಕೊಳ್ಳಾಗ ಅದಾಳ. ಒಂದ ಅಚ್ಚಿನ್ಯಾಗ ಎಷ್ಟು ಮಂದಿ ಸಾಯಬೇಕವ್ವ?"

"ಹಂಗನಬ್ಯಾಡ ಪತ್ತಾರವ್ವ, ದಿನಾ ಪೂಜಿ ಮಾಡೀವಿ ಅದಕ್ಕ" ಎಂದು ಅತ್ತೆ ಕೆನ್ನೆಗೆ ಬಡಿದುಕೊಂಡರು.

"ಪೂಜಿ ಮಾಡ್ರಿ, ಬ್ಯಾಡನ್ನಂಗಿಲ್ಲ. ಆದ್ರ ಯಾರು ಏನು ಅಂತ ಕೇಳದ ಯಾರದೋ ಹೆಂಡ್ತಿನ್ನ ಸೊಸಿ ಕೊಳ್ಳಿಗೆ ಕಟ್ಟೀರಲ್ಲ!"

ಹಿರಿಯಾಕೆಯನ್ನು ಆಕೆ ಬಲ್ಲಳು. ನಿಮ್ಮ ಅವ್ವನ ಕಿವಿ ಚುಚ್ಚಿಸಿದಾಗ ಬೆಂಡೋಲೆ ಮಾಡಿಸಲು ಅದೇ ಪಡಸಾಲೆಗೆ ಬಂದು, ಅದೇ ಚೆಂಬಿನಲ್ಲಿ ನೀರು ಕುಡಿದಿದ್ದಳಂತೆ. ಪತ್ತಾರಕ್ಕ ಹಲಗೆ ತೆಗೆದಳು. ಹಣೆ ಬಂತು, ಮೂಗು ಬಂತು, ಗದ್ದ ಬಂತು. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ನಿಮ್ಮ ಅವ್ವ ಮೆಲ್ಲಗೆ ಹತ್ತಿರ ಸರಿದು, ಹಲಗೆ ಎಟುಕದೆ ನನ್ನ ತೊಡೆಯ ಮೇಲೆ ಹತ್ತಿ ನಿಂತು, ಪತ್ತಾರಕ್ಕನ ಕೈಯಿಂದ ಬಳಪ ಕಸಿದು ಗದ್ದದ ಬಲಕ್ಕೆ ಒಂದು ಚುಕ್ಕೆ ಇಟ್ಟಳು. "ಇಲ್ಲಿ ಮಚ್ಚಿ ಐತಿ" ಎಂದಳು. ಆ ಕೂಸು ತಾನಾಗಿ ನನ್ನ ಮೈ ಮುಟ್ಟಿದ್ದು ಅದೇ ಮೊದಲು.

ವಾರ ಕಳೆದು ಮತ್ತೆ ಹೋದಾಗ ಬಿಲ್ಲೆ ಸಿದ್ಧವಾಗಿತ್ತು. ಬಿಸಿ ಅರಗಿನ ಮೇಲೆ ಬಂಗಾರದ ತಗಡು ಕೂಡಿಸಿ ಹಿಂದಿನಿಂದ ತಟ್ಟಿ ತಟ್ಟಿ ಎಬ್ಬಿಸಿದ ಮುಖ. ಮಚ್ಚೆ ಸಾಸಿವೆಗಿಂತ ಸಣ್ಣದಾಗಿ ಹೊಳೆಯುತ್ತಿತ್ತು. ಕಣ್ಣು ಮಾತ್ರ ಮುಚ್ಚಿದ್ದವು, ಎರಡು ಬಾಗಿದ ಗೆರೆ ಅಷ್ಟೇ. ನಿಮ್ಮ ಅವ್ವ ಅದನ್ನು ತೆಗೆದುಕೊಂಡು ಕೆನ್ನೆಗೆ ಇಟ್ಟುಕೊಂಡು ಮೂಲೆಯಲ್ಲಿ ಕೂತಳು. ಅತ್ತೆ ಮಾತ್ರ ಕೆಂಡವಾದರು.

"ಇದೇನ ಕೆಲಸ ಪತ್ತಾರವ್ವ? ಕಣ್ಣ ತೆರಸಿಲ್ಲ! ಕಣ್ಣಿಲ್ಲದ ಆಕಿ ಹೆಂಗ ಇದರಾಗ ಬಂದು ಕೂಡ್ರತಾಳ? ಓಣಿ ಓಣಿ ತಿರುಗತಾಳ."

"ಹೆತ್ತು ದಣದು ಹೋದಾಕಿ. ಮಲಗಲಿ ಬಿಡ ಯವ್ವಾ" ಎಂದಳು ಪತ್ತಾರಕ್ಕ. ಅತ್ತೆ ಮಗುವನ್ನು ಎತ್ತಿಕೊಂಡು ಹೊರಗೆ ಹೋದ ಮೇಲೆ ನನ್ನ ಕಡೆ ತಿರುಗಿದಳು. "ಕಣ್ಣು ತೆರಸೂದು ಉಳದೈತಿ ತಂಗಿ. ಆಕಿ ನೋಡಲಿ ಅಂತ ನಿನಗ ಅನ್ನಿಸಿದ ದಿನ ಬಾ. ನಿಮ್ಮತ್ತಿಗಲ್ಲ, ನಿನಗ ಅನ್ನಿಸಬೇಕು."

ಕಣ್ಣು ಮುಚ್ಚಿದ ಆ ಬಿಲ್ಲೆಯನ್ನೇ ಕಟ್ಟಿಕೊಂಡೆ. ನನಗೆ ನಿದ್ದೆ ಬಂತು, ಅನ್ನ ಇಳಿಯಿತು. ತವರಿಗೆ ಕಳಿಸುವ ಮಾತು ನಿಂತಿತು. ಆದರೆ ಬಿಟ್ಟ ಕಣ್ಣಿನ ಭಯ ಹೋಗಿ ಮುಚ್ಚಿದ ಕಣ್ಣಿನ ಭಯ ಬಂತು. ಜೋರಾಗಿ ಮಾತಾಡಿದರೆ ಆಕೆ ಎದ್ದುಬಿಡುತ್ತಾಳೇನೋ ಎಂದು ಮೆತ್ತಗೆ ಮಾತಾಡಲು ಕಲಿತೆ. ನಿಮ್ಮ ಅವ್ವನನ್ನು ಗದರಿಸಲು ಬಾಯಿ ತೆರೆದಾಗಲೆಲ್ಲ ಕೈ ತಾನಾಗಿ ಎದೆಯ ಮೇಲೆ ಹೋಗುತ್ತಿತ್ತು. ನನಗೆ ಮಕ್ಕಳಾಗಲಿಲ್ಲ. ಕಣ್ಣು ತೆರೆಯದ ಮುಖದಿಂದಲೇ ಹೀಗಾಯಿತೆಂದು ಅತ್ತೆ ಸಾಯುವವರೆಗೂ ಅನ್ನುತ್ತಿದ್ದರು.

ಸಂತೆಗೆ ಹೋದಾಗೆಲ್ಲ ಪತ್ತಾರಕ್ಕನ ಪಡಸಾಲೆಯಲ್ಲಿ ಸ್ವಲ್ಪ ಹೊತ್ತು ಕೂತು ಬರುವುದು ನನಗೆ ರೂಢಿಯಾಯಿತು. ಸತ್ತವರ ಮುಖವೊಂದು ಮುಗಿದರೆ ಆಕೆ ಅದನ್ನು ಹತ್ತಿಯಲ್ಲಿ ಸುತ್ತಿ, "ಹೋಗಿ ಬಾರಪ್ಪ" ಎಂದೋ "ಹೋಗಿ ಬಾರವ್ವ" ಎಂದೋ ಹೇಳಿ ಕೊಡುತ್ತಿದ್ದಳು. ಒಮ್ಮೆ ನಾನು, "ನಿಮ್ಮವರದು ಮಾಡಿಟ್ಟುಕೊಂಡೀರೇನಕ್ಕ?" ಎಂದು ಕೇಳಿಬಿಟ್ಟೆ. ಆಕೆ ಊದುಗೊಳವೆ ಕೆಳಗಿಟ್ಟಳು. ಕೆನ್ನೆ ಜೋತುಬಿತ್ತು.

"ಅವನ ಮುಖ ನೆನಪಿಗೆ ಬರಂಗಿಲ್ಲ ತಂಗಿ. ಊರ ಮಂದಿದೆಲ್ಲ ಬರ್ತಾವ. ಅವಂದು ಹಣಿ ಬಂದ್ರ ಮೂಗು ಬರಂಗಿಲ್ಲ."

ಎರಡು ಸಾವಿರದ ಆಚೆ ಕಾಲ ತಿರುಗಿತು. ಮಷೀನಿನಲ್ಲಿ ಕೊರೆದ ಒಡವೆಗಳು ದೊಡ್ಡ ಅಂಗಡಿಗಳ ಗಾಜಿನೊಳಗೆ ಸಾಲುಸಾಲಾಗಿ ಬಂದವು. ಹೆಣ್ಣುಮಕ್ಕಳು ಟಿವಿ ಧಾರಾವಾಹಿಯಲ್ಲಿ ಕಂಡದ್ದನ್ನೋ ಕ್ಯಾಲೆಂಡರಿನಲ್ಲಿದ್ದದ್ದನ್ನೋ ತೋರಿಸಿ, "ಹಿಂಗ ಮಾಡಿಕೊಡ್ರಿ" ಎನ್ನುತ್ತಿದ್ದರು. "ಆಗಲೇ ಮಾಡ್ಯಾಗೈತಲ್ಲವ್ವ, ಮತ್ತ ನಾನ್ಯಾಕ ಮಾಡ್ಲಿ?" ಎಂದು ಆಕೆ ಕೇಳಿದರೆ ನಕ್ಕು ಎದ್ದುಹೋಗುತ್ತಿದ್ದರು. ಆಕೆಯ ಕಣ್ಣಿಗೆ ಪೊರೆ ಬಂತು, ಕೈ ನಡುಗಲು ಹತ್ತಿತು. ಹಲಗೆ ಗೋಡೆಗೆ ಮುಖ ಮಾಡಿಯೇ ಉಳಿಯಿತು.

ನಿಮ್ಮ ಅವ್ವನ ಮದುವೆ ಕೂಡ್ಲಿಗಿಯ ನಿಮ್ಮ ಅಪ್ಪನ ಜೊತೆ ಗೊತ್ತಾಯಿತು. ಬಳೆ ಇಡಿಸಿಕೊಂಡು ಬಂದ ದಿನ ಆಕೆ ಕನ್ನಡಿಯ ಮುಂದೆ ನಿಂತು ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಗದ್ದದ ಬಲಕ್ಕೆ, ಹಿರಿಯಾಕೆಗಿದ್ದ ಕಡೆಯೇ, ಹೊಸದಾಗಿ ಮೂಡಿದ ಒಂದು ಮಚ್ಚೆ ಕಂಡಿತು. ಎದೆಯ ಮೇಲಿನ ಬಿಲ್ಲೆ ಭಾರವಾಯಿತು. ಮರುದಿನವೇ ಒಬ್ಬಳೇ ಪತ್ತಾರಕ್ಕನ ಬಳಿ ಹೋದೆ.

"ಬಂದಿಯೇನು?" ಎಂದಳು, ಕಾಲ ಸಪ್ಪಳದಿಂದಲೇ ಗುರುತು ಹಿಡಿದು. "ನೀ ಬರೂದರಾಗ ನಾ ಹೋಗ್ತೀನೇನೋ ಅನಕೊಂಡಿದ್ದೆ."

"ಆಕಿ ಮಗಳ ಮದುವಿ ಅಕ್ಕಾ. ಆಕಿ ನೋಡಬೇಕು."

"ನಿನ್ನ ಮಗಳಲ್ಲೇನು?"

ನಾನು ಬಿಲ್ಲೆ ಬಿಚ್ಚಿ ಆಕೆಯ ಅಂಗೈಯಲ್ಲಿಟ್ಟೆ. ಆಕೆ ಬಿಲ್ಲೆಯನ್ನು ಹೆಬ್ಬೆರಳಿನಿಂದ ಸವರಿ ಮಚ್ಚೆಯನ್ನು ಹುಡುಕಿದಳು. "ಕೈ ಮೊದಲಿನಂಗಿಲ್ಲ ತಂಗಿ. ಉಳಿ ಜಾರಿದ್ರ ಮುಖನ ಹೋತು. ಇನ್ನೊಂದು ಮಾಡಾಕ ನನ್ನಿಂದ ಆಗಂಗಿಲ್ಲ. ಬಜಾರಿಗೆ ಒಯ್ಯಿ, ಅವರು ಮಷೀನ್ನ್ಯಾಗ ತೆರಸ್ತಾರ."

"ಒಯ್ಯಂಗಿಲ್ಲ" ಎಂದೆ.

"ಹಂಗಾದ್ರ ನನ್ನ ಮಣಿಕಟ್ಟು ಹಿಡಿ."

ಅರಗು ಕಾಯಿಸಿ ಬಿಲ್ಲೆ ಕೂಡಿಸಿದೆವು. ಎಲ್ಲಿ ಗೆರೆ ಇದೆ ಎಂದು ನಾನು ಹೇಳಿದೆ, ಆಕೆ ಸಣ್ಣ ಉಳಿ ಇಟ್ಟಳು. ಆಕೆಯ ಮಣಿಕಟ್ಟು ನನ್ನ ಎರಡೂ ಕೈಯಲ್ಲಿತ್ತು, ಹಕ್ಕಿಯ ಮೈಯಂತೆ ಬಡಿದುಕೊಳ್ಳುತ್ತಿತ್ತು. ಮೊದಲನೆಯ ಕಣ್ಣು ಸಣ್ಣದಾಗಿ, ಚೆಂದವಾಗಿ ತೆರೆಯಿತು. ಎರಡನೆಯದಕ್ಕೆ ಉಳಿ ಜಾರಿತು. ನಡುಗಿದ್ದು ಆಕೆಯ ಕೈಯೋ ನನ್ನ ಕೈಯೋ ಇಂದಿಗೂ ಗೊತ್ತಿಲ್ಲ.

"ಹೆಂಗಾತು?"

"ಒಂದು ದೊಡ್ಡದಾತಕ್ಕ."

ಆಕೆ ಎರಡೂ ಕಣ್ಣನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು. ಆಮೇಲೆ ಕೆನ್ನೆ ಅಲುಗಿತು, ನಗು ತಡವಾಗಿ ಬಂತು. "ಆಗಲಿ ಬಿಡು. ಒಂದು ಕಣ್ಣು ಮಗಳ ಮ್ಯಾಲ, ಒಂದು ನಿನ್ನ ಮ್ಯಾಲ." ಹತ್ತಿಯಲ್ಲಿ ಸುತ್ತಿ ಕೊಟ್ಟಳು. ಆ ಮುಖಕ್ಕೆ ಹೋಗಿ ಬಾರವ್ವ ಎನ್ನಲಿಲ್ಲ. "ಬಂದಿಯೇನವ್ವ?" ಎಂದಳು.

ಅಕ್ಷತೆ ಹಾಕುವ ಹೊತ್ತಿಗೆ ಬಿಲ್ಲೆಯನ್ನು ಸೆರಗಿನ ಮೇಲೆ ತೆಗೆದು ಮಂಟಪದ ಕಡೆ ತಿರುಗಿಸಿ ಹಿಡಿದುಕೊಂಡೆ. ನಿಮ್ಮ ಅಜ್ಜ ಅದನ್ನು ನೋಡಿ ಟವೆಲ್ಲಿನಿಂದ ಮುಖ ಒರೆಸಿಕೊಂಡರು. ನಿಮ್ಮ ಅವ್ವ ನನ್ನ ಕಾಲು ಮುಟ್ಟಿ ಎದ್ದವಳು ಬಿಲ್ಲೆಯನ್ನು ನೋಡಿದಳು, ನನ್ನನ್ನು ನೋಡಿದಳು. "ಅವ್ವಾ" ಎಂದಳು, ಒಂದೇ ಸಲ.

ಮುಂದಿನ ಶ್ರಾವಣದಲ್ಲಿ ಪತ್ತಾರಕ್ಕ ತೀರಿಕೊಂಡಳು. ಆಮೇಲೊಮ್ಮೆ ಆಕೆಯ ಅಣ್ಣನ ಮನೆಗೆ ಹೋಗಿದ್ದೆ. ಜಗಲಿಯ ಮೇಲೆ ಆಕೆಯ ಹೆಸರಿನಲ್ಲಿ ಬೆಳ್ಳಿಯ ಮುಖವೊಂದನ್ನು ಇಟ್ಟಿದ್ದರು. ದುಂಡು ಮುಖ, ಅಗಲವಾಗಿ ಬಿಟ್ಟ ಕಣ್ಣು. ಎರಡೂ ಕೆನ್ನೆ ಸಮವಾಗಿದ್ದವು. ನೋಡಲಾಗದೆ, ಕೊಟ್ಟ ಚಹಾ ಅಲ್ಲೇ ಬಿಟ್ಟು ಎದ್ದು ಬಂದೆ.

ನಿಮ್ಮ ಅಜ್ಜ ಹೋದ ದಿನ ತಾಳಿಯ ಜೊತೆ ಸವತಿ ತಾಳಿಯನ್ನೂ ಬಿಚ್ಚಿದರು. "ಗಂಡನ ಋಣ ತೀರಿತು, ಇನ್ನ ಅದನ್ನ ಕರಗಿಸಿ ಮೊಮ್ಮಕ್ಕಳಿಗೆ ಉಂಗುರ ಮಾಡ್ಸು" ಎಂದು ಹಿರಿಯ ಹೆಂಗಸರು ಹೇಳಿದರು. ಬ್ಯಾಡ್ರಿ ಎಂದೆ. ಅಷ್ಟು ಜನರ ನಡುವೆ ನನ್ನ ಧ್ವನಿ ಅಷ್ಟು ಜೋರಾಗಿ ಬಂದದ್ದಕ್ಕೆ ನನಗೇ ಗಾಬರಿಯಾಯಿತು. ಹಿರಿಯಾಕೆ ಎದ್ದೇ ಇದ್ದಾಳಲ್ಲ, ಇನ್ನು ಮೆತ್ತಗೆ ಮಾತಾಡಿ ಏನು ಎಂದು ಆಮೇಲೆ ಹೊಳೆಯಿತು.

ಮಕ್ಕಳೇ, ಆ ಮುಖ ನಿಮ್ಮ ಹೆತ್ತ ಅಜ್ಜಿಯದು. ಅದರ ಕಣ್ಣು ಪತ್ತಾರಕ್ಕನದು. ನನ್ನ ಪಾಲಿನ ಕಣ್ಣು ಯಾವುದು, ದೊಡ್ಡದೋ ಸಣ್ಣದೋ ಎಂದು ಅಂದು ಕೇಳಲು ನನಗೆ ಬಾಯಿ ಬರಲಿಲ್ಲ. ಕೇಳಬೇಕೆಂದರೆ ಈಗ ಆಕೆ ಇಲ್ಲ. ದೀಪ ಹಚ್ಚುವಾಗ ಈ ಕಡೆ ಸರಿದರೆ ಒಂದು ಹೊಳೆಯುತ್ತದೆ, ಆ ಕಡೆ ಸರಿದರೆ ಇನ್ನೊಂದು. ಎಲ್ಲಿ ನಿಂತರೂ ಒಂದಾದರೂ ನನ್ನನ್ನು ನೋಡುತ್ತಲೇ ಇರುತ್ತದೆ.