ಬಿತ್ತನೆಯ ಶೇಂಗಾ, ಬೇರೆ ಗ್ರಹದ ಕಾದಂಬರಿ

ನನಗೆ ಬರುವುದು ಒಂದೇ ವಿದ್ಯೆ, ಇನ್ನೊಬ್ಬರ ಹಾಗೆ ಮಾತಾಡುವುದು. ಮುಂಡರಗಿ ಬಸ್ಸಿನ ಕಂಡಕ್ಟರು, ನಮ್ಮ ಹಳೆಯ ಹೆಡ್ ಮಾಸ್ತರು, ಭಾಷಣದ ನಡುವೆ ಕೆಮ್ಮುವ ಪುಢಾರಿ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಒಮ್ಮೆ ಪಕ್ಕದ ಮನೆಯ ಎಮ್ಮೆಯ ಹಾಗೆ ಕೂಗಿದಾಗ ಎಮ್ಮೆ ತಿರುಗಿ ನೋಡಿತ್ತು. ಅದಕ್ಕಿಂತ ದೊಡ್ಡ ಪ್ರಶಸ್ತಿ ನನಗಿನ್ನೂ ಬಂದಿಲ್ಲ.

ಇಂಥವನಿಗೆ ಗದಗಿನ ಓದುಗರ ಬಳಗದ ಹಿರಿಯರೊಬ್ಬರು ದಪ್ಪನೆಯದೊಂದು ವೈಜ್ಞಾನಿಕ ಕಾದಂಬರಿ ಕೊಟ್ಟರು. "ಭಾನುವಾರ ಇದರ ಬಗ್ಗೆ ನೀನ ಮಾತಾಡಬೇಕು. ನಕಲಿ ಬ್ಯಾಡ, ನಿನ್ನ ಅಭಿಪ್ರಾಯ ಬೇಕು."

ಆ ವಾರ ಶಿಗ್ಲಿಯ ನಮ್ಮ ಮನೆಯಲ್ಲಿ ಬಿತ್ತನೆಗೆ ಶೇಂಗಾ ಸುಲಿಯುವ ಕೆಲಸ. ಯಂತ್ರಕ್ಕೆ ಹಾಕಿದರೆ ಕಾಳು ಒಡೆಯುತ್ತದೆಂದು ಬೀಜದ ಶೇಂಗಾವನ್ನು ಕೈಯಿಂದಲೇ ಸುಲಿಯುತ್ತೇವೆ. ಸುಲಿಯುವವರ ಬಾಯಿ ಸುಮ್ಮನಿದ್ದರೆ ಕಾಳು ಅಲ್ಲಿಗೇ ಹೋಗುತ್ತದೆ. ಆದ್ದರಿಂದ ಅವರನ್ನು ನಗಿಸುತ್ತ ಕೂಡುವುದು ನನ್ನ ಪಾಲಿನ ಕೆಲಸ. ನಾನೂ ಸುಲಿಯಲು ಕೂತರೆ ಬಿತ್ತಲು ಏನೂ ಉಳಿಯುವುದಿಲ್ಲ ಎಂಬುದು ಅಪ್ಪನ ಅನುಭವ. ಈ ಸಲ ಕಾದಂಬರಿಯನ್ನೇ ಅವರಿಗೆ ಗಟ್ಟಿಯಾಗಿ ಓದತೊಡಗಿದೆ.

ಭೂಮಿಯ ಹೆಣ್ಣುಮಗಳೊಬ್ಬಳು ದೂರದ ಗ್ರಹದವರ ರೀತಿ ರಿವಾಜು ತಿಳಿಯಲು ಹೋಗುತ್ತಾಳೆ. ಅಲ್ಲಿ ಎಲೆ ಕುದಿಸುವುದೇ ಒಂದು ದೊಡ್ಡ ವಿಧಿ. ಅಳು ಬಂದರೆ ನೆರೆಯವರ ಮನೆಗೆ ಹೋಗಿಯೇ ಅಳಬೇಕು.

"ಇದರಾಗೇನ ಹೊಸಾದೈತಿ?" ಎಂದಳು ಸೋದರತ್ತೆ. "ಓಣಿ ಮಂದಿ ಎಲ್ಲಾ ನಮ್ಮ ಮನಿಗೇ ಬಂದು ಅಳತಾರ."

"ಅವರು ಅಳೂದು ನಿನ್ನ ಚಹಾ ಕುಡದ ಮ್ಯಾಲೆ, ಅತ್ತಿ."

ಹಿಡಿ ಸಿಪ್ಪೆ ನನ್ನ ತಲೆಯ ಮೇಲೆ ಬಿತ್ತು.

ಗ್ರಹದ ಮುಖಂಡನಿಗೆ ಪುಢಾರಿಯ ಕೆಮ್ಮು ಕೊಟ್ಟೆ, ಪೂಜಾರಿಗೆ ಕಂಡಕ್ಟರನ ಗದರಿಕೆ. ಗ್ರಹದವರಲ್ಲಿ ಒಬ್ಬಳಾಗಲು ಆ ಹೆಣ್ಣುಮಗಳು ಅವರ ನಡಿಗೆ, ನಗು, ನಿಟ್ಟುಸಿರನ್ನೂ ಅನುಕರಿಸುತ್ತಾಳೆ. ನಮ್ಮ ಪೈಕಿಯವಳೇ ಎಂದು ಖುಷಿಪಟ್ಟೆ. ಕೊನೆಗೆ ಮರಳಿ ಬರುವಾಗ ತಾಯಿಗೆ ಕರೆ ಮಾಡುತ್ತಾಳೆ. ದನಿಯ ಗುರುತು ಸಿಗದೆ ಆ ತಾಯಿ ಕೇಳುತ್ತಾಳೆ: ಯಾರು ಮಾತಾಡುವುದು?

ಮಗಳ ಉತ್ತರಕ್ಕೆ ಬಂದು ನಿಂತುಬಿಟ್ಟೆ. ಕಂಡಕ್ಟರನ ದನಿ ಹೊಂದುವುದಿಲ್ಲ, ಮಾಸ್ತರದೂ ಹೊಂದುವುದಿಲ್ಲ. ನನ್ನದರಲ್ಲೇ ಓದೋಣವೆಂದರೆ ಅದು ಎಲ್ಲಿದೆಯೋ ಗೊತ್ತಾಗಲಿಲ್ಲ. ಹಾಗಾದರೆ ಭಾನುವಾರ ಗದಗಿನಲ್ಲಿ ಎದ್ದು ನಿಲ್ಲುವವನು ಯಾರು? ನಿಜಕ್ಕೂ ಹೆದರಿಕೆಯಾಯಿತು.

"ಯಾಕಲೇ, ಬ್ಯಾಟರಿ ಹೋತೇನು?" ಎಂದ ಅಪ್ಪ.

ನಾನು ಅವ್ವನ ಕಡೆ ತಿರುಗಿದೆ. "ಅವ್ವಾ, ನಂದ ಅಂತ ಖರೇ ದನಿ ಒಂದರೆ ಐತೇನು?"

ಅವ್ವ ಕೈಯ ಧೂಳು ಕೊಡವಿದಳು. ಕೋಳಿಯ ಹಾಗೆ ಕತ್ತು ಚಾಚಿ, ಮೂಗನ್ನೊಮ್ಮೆ ಏರಿಸಿ, "ಏ ಹಂಗಲ್ಲರೀ, ಒಂಚೂರು ಕೇಳ್ರಿಲ್ಲೆ…" ಎಂದಳು. ಮುಂದಿನ ಮಾತು ಬರುವ ಮೊದಲೇ ತಾನೇ ನಗತೊಡಗಿ, ಕೊನೆಯ ಶಬ್ದವನ್ನು ಆ ನಗುವಿನಲ್ಲೇ ನುಂಗಿದಳು.

ನನ್ನ ಯಾವ ನಕಲಿಗೂ ನಗದ ಅಪ್ಪ ಮೊರ ಕೆಳಗಿಟ್ಟು ಕಣ್ಣೊರೆಸಿಕೊಂಡ. "ಇವನ! ಥೇಟ್ ಇವನ!"

"ನಾ ಏನ್ ಅಷ್ಟ ಹಂಗ ಮಾಡಂಗಿಲ್ಲ ಬಿಡು," ಎಂದೆ ಸಿಟ್ಟಿನಿಂದ. ಅವ್ವ ಅದನ್ನೂ ಮಾಡಿ ತೋರಿಸಿದಳು.

ಒಬ್ಬರನ್ನು ಹಾಗೆ ಹಿಡಿಯಬೇಕಾದರೆ ಎಷ್ಟು ನೋಡಬೇಕೆಂದು ನನಗೆ ಗೊತ್ತು. ಕಂಡಕ್ಟರನಿಗಾಗಿ ನಾನು ಬೇಡದ ಊರಿಗೆಲ್ಲ ಟಿಕೆಟ್ ತೆಗೆದವನು. ನಾನು ಊರವರನ್ನು ನೋಡುತ್ತ ಕೂತಿದ್ದಷ್ಟು ಕಾಲವೂ ಅವ್ವ ನನ್ನನ್ನು ನೋಡುತ್ತಿದ್ದಳು. ಕೋಳಿಯ ಕತ್ತು, ನುಂಗಿದ ಮಾತು: ಹೆಮ್ಮೆಪಡುವ ಆಸ್ತಿಯೇನಲ್ಲ, ಆದರೂ ನನ್ನದೇ.

ಭಾನುವಾರ ಅದೇ ಕತ್ತನ್ನು ಚಾಚಿ ಮಾತಾಡಿದೆ. ಬೇರೆ ಲೋಕದವರ ನಡವಳಿಕೆಯನ್ನು ಇಷ್ಟು ಪ್ರೀತಿಯಿಂದ ಬರೆದದ್ದು ದೊಡ್ಡದು, ಎಲೆ ಕುದಿಸುವುದನ್ನು ಅರ್ಧಕ್ಕೆ ಇಳಿಸಬಹುದಿತ್ತು ಎಂದೆ. "ಆದ್ರ ಆ ತಾಯಿ ಮಗಳನ್ನ 'ಯಾರು' ಅಂತ ಕೇಳಿದ್ದು ಮಾತ್ರ ನಾ ನಂಬಂಗಿಲ್ಲರಿ. ಉಸಿರು ಕೇಳಿದ್ರ ಸಾಕು, ಗುರುತು ಹಿಡೀತಿದ್ಲು."

"ಆ ಪುಟಕ್ಕ ನಾ ಅತ್ತೀನಿ," ಎಂದರು ಪುಸ್ತಕ ಕೊಟ್ಟ ಹಿರಿಯರು. "ನೀ ಅದನ್ನ ತಪ್ಪಂತೀಯಲ್ಲೋ!"

"ನಾನೂ ಹೆದರೀನ್ರಿ. ಹೆದರಿಸಿದ್ದಕ್ಕ ಆ ಪುಸ್ತಕಕ್ಕ ಕೈ ಮುಗೀತೀನಿ. ಇಲ್ಲಂದ್ರ ನಾ ಅವ್ವನ್ನ ಕೇಳತಿದ್ದಿಲ್ಲ."